ಒಂದು ಕುದುರೆ ಕಡಿಮೆ ಇದ್ದ ಎದುರಾಳಿ

ನಿಪ್ಪಾಣಿ ಹತ್ತಿರದ ಇಂಜಿನಿಯರಿಂಗ್ ಕಾಲೇಜೊಂದರ ಪ್ರಾಧ್ಯಾಪಕರು ಚಿಕ್ಕೋಡಿಯಲ್ಲಿರುವ ನನ್ನ ಚದುರಂಗ ತರಗತಿಯ ಮೆಟ್ಟಿಲು ಹತ್ತಿ ಬಂದು ವಿಷಯ ತೆಗೆದಾಗ, ಅವರ ಮಾತು ಪೂರ್ತಿಯಾಗುವ ಮೊದಲೇ ನಾನು ಆಗುವುದಿಲ್ಲ ಅಂದುಬಿಟ್ಟೆ.

"ಪೂರಾ ಕೇಳ್ರಿ ಮೇಡಮ್," ಅಂದರು ಅವರು. "ಕಾಲೇಜಿನ ಸಭಾಂಗಣದಾಗ ಮೂರು ಬೋರ್ಡ್ ಇಡ್ತೀವಿ. ನಮ್ಮ ಭಾಗದ ಮೂವರು ಚಲೋ ಆಟಗಾರರು ಒಂದು ಬಾಜು, ಕಂಪ್ಯೂಟರ್ ಒಂದು ಬಾಜು. ನೀವ ಕ್ಯಾಪ್ಟನ್."

"ಹೋದ ವರ್ಷ ಆದದ್ದು ಸಾಲ್ಲಿಲ್ಲೇನ್ರಿ?"

ಹೋದ ವರ್ಷ ಆದದ್ದು ನಮ್ಮಿಬ್ಬರ ಕಣ್ಣೆದುರಿಗೇ ಆಗಿತ್ತು.

ನಿಪ್ಪಾಣಿಯಲ್ಲಿ ತಂಬಾಕು ದಾಸ್ತಾನಿಡುವ ವಖಾರಿ ಇರುವ ಹಿರಿಯ ವ್ಯಾಪಾರಿಯೊಬ್ಬರಿದ್ದಾರೆ. ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುವುದು. ಗಡಿಭಾಗದಲ್ಲಿ ಚದುರಂಗಕ್ಕೆ ಮರಾಠಿಯ 'ಬುದ್ಧಿಬಳ' ಎಂಬ ಹೆಸರೇ ಹೆಚ್ಚು ಓಡಾಡುತ್ತದೆ. ನಿಪ್ಪಾಣಿಯಿಂದ ಅಥಣಿಯವರೆಗೆ ಬುದ್ಧಿಬಳ ಆಡುವ ಯಾರನ್ನೇ ಕೇಳಿ, ಕಾಕಾನ ಕೈಯಲ್ಲಿ ಒಮ್ಮೆಯಾದರೂ ಸೋತಿದ್ದೇನೆ ಎನ್ನುತ್ತಾರೆ, ಅದೂ ಹೆಮ್ಮೆಯಿಂದ. ನಾನೂ ಸೋತಿದ್ದೇನೆ, ಆಮೇಲೆ ಗೆದ್ದೂ ಇದ್ದೇನೆ. ಹೋದ ವರ್ಷ ಕಾಲೇಜಿನ ತಂತ್ರಜ್ಞಾನ ಮೇಳದ ಉದ್ಘಾಟನೆಗೆ ಅವರನ್ನು ಕರೆದು, ಹಾರ ಹಾಕಿ, ಕಂಪ್ಯೂಟರಿನ ಎದುರು ಒಂದು ಆಟಕ್ಕೆ ಕೂರಿಸಿದರು. ಇಡೀ ಆಟಕ್ಕೆ ಕೊಟ್ಟದ್ದು ಕೆಲವೇ ನಿಮಿಷ. ಹಿಂದಿನ ದೊಡ್ಡ ಪರದೆಯ ಮೇಲೆ ಆಟದ ಜೊತೆಗೆ ಒಂದು ಪಟ್ಟಿ ಇತ್ತು. ಯಾರು ಮುಂದಿದ್ದಾರೆ ಎಂದು ಕಂಪ್ಯೂಟರೇ ಲೆಕ್ಕ ಹಾಕಿ ತೋರಿಸುವ ಪಟ್ಟಿ, ಅರ್ಧ ಬಿಳಿ, ಅರ್ಧ ಕಪ್ಪು. ಕಾಕಾ ಪ್ರತಿ ಸಲ ಕಾಯಿ ಮುಟ್ಟಿದಾಗಲೂ ಅವರ ಬಣ್ಣ ಕುಸಿಯುತ್ತಿತ್ತು. ಪಟ್ಟಿ ಅವರ ಬೆನ್ನ ಹಿಂದಿದ್ದುದರಿಂದ ಅವರಿಗೆ ಕಾಣುತ್ತಿರಲಿಲ್ಲ, ಕೇಳುತ್ತಿದ್ದದ್ದು ಹುಡುಗರ ಸಿಳ್ಳೆ ಮತ್ತು ನಗು ಮಾತ್ರ. ಆಟ ಮುಗಿದಾಗ ಅವರು ರೂಢಿಯಂತೆ ಬೋರ್ಡಿನ ಆಚೆಗೆ ಕೈ ಚಾಚಿದರು. ಎದುರಿನ ಕುರ್ಚಿ ಖಾಲಿ ಇತ್ತು.

ಆಮೇಲೆ ಕಾಕಾ ನಮ್ಮ ಭಾನುವಾರದ ಆಟಕ್ಕೆ ಬರುವುದನ್ನು ನಿಲ್ಲಿಸಿದರು.

ಪ್ರಾಧ್ಯಾಪಕರು ಕೆಟ್ಟವರಲ್ಲ. "ಅದನ್ನ ಸರಿ ಮಾಡಾಕನ ಬಂದೀನ್ರಿ," ಅಂದರು. "ಏನ್ ಷರತ್ತು ಹಾಕ್ತೀರೋ ಹಾಕ್ರಿ." ವಿಚಾರ ಮಾಡಿ ಹೇಳುತ್ತೇನೆ ಎಂದು ಕಳಿಸಿದೆ.

ವಿಚಾರ ಮಾಡಲು ನನಗೆ ನನ್ನದೇ ಕಾರಣಗಳಿದ್ದವು. ಸ್ವಲ್ಪ ದಿನಗಳ ಹಿಂದೆ ತರಗತಿಯ ಒಬ್ಬ ಹುಡುಗಿಯ ತಂದೆ, ರಾಯಬಾಗದ ಕಡೆಯವರು, ಮೊಬೈಲ್ ತೋರಿಸಿ ಕೇಳಿದ್ದರು: "ಇದರಾಗಿನ ಆಟಕ್ಕ ನೀವು ಗೆಲ್ತೀರೇನ್ರಿ ಟೀಚರ್?" ಇಲ್ಲ ಅಂದೆ, ಸುಳ್ಳು ಹೇಳಲಾಗಲಿಲ್ಲ. "ಹಂಗಾರ ಇದರ ಕಡೆನ ಕಲೀಲಿ ಬಿಡ್ರಿ" ಎಂದು ಅವರು ತೀರ ಸರಳವಾಗಿ ಹೇಳಿದರು. ಅದರಲ್ಲಿ ಕುಹಕ ಇರಲಿಲ್ಲ. ಅದಕ್ಕೇ ಅದು ನಾಟಿತು. ಆ ಹುಡುಗಿ ಮತ್ತೆ ಬರಲಿಲ್ಲ. ಅವಳ ಹಿಂದೆ ಇನ್ನೂ ಕೆಲವರು ಬಿಟ್ಟರು.

ನನ್ನ ಅಳುಕು ಬರೀ ಸೋಲಿನದ್ದಾಗಿರಲಿಲ್ಲ. ಆಟಗಾರರಿಗೆ ಸೋಲು ಹೊಸದಲ್ಲ. ಮನುಷ್ಯನ ಎದುರು ಕೂತಾಗ ನಾನು ಅರ್ಧ ಆಟವನ್ನು ಬೋರ್ಡಿನ ಮೇಲೆ ನೋಡುತ್ತೇನೆ, ಇನ್ನರ್ಧವನ್ನು ಎದುರಿನವರ ಮೇಲೆ. ಕಿವಿ ಕೆಂಪಾಗುತ್ತದೆ, ಮೇಜಿನ ಕೆಳಗೆ ಕಾಲು ಅಲುಗುತ್ತದೆ, ನೀರಿನ ಬಾಟಲಿಯ ಮುಚ್ಚಳ ಸುಮ್ಮನೆ ತಿರುಗುತ್ತದೆ. ನಾನು ತಪ್ಪು ನಡೆ ಇಟ್ಟರೂ ಅದು ಅವರಿಗೆ ಕಾಣುವ ತನಕ ಒಂದು ಗಳಿಗೆ ಇರುತ್ತದೆ. ನನ್ನ ಮಟ್ಟದ ಆಟವೆಲ್ಲ ನಡೆಯುವುದು ಆ ಗಳಿಗೆಯಲ್ಲಿ. ಕಂಪ್ಯೂಟರಿನ ಎದುರು ಆ ಗಳಿಗೆಯೇ ಇಲ್ಲ. ನಾನು ಕಾಯಿಯಿಂದ ಬೆರಳು ತೆಗೆಯುವ ಮೊದಲೇ ಉತ್ತರ ಬಂದಿರುತ್ತದೆ. ವರ್ಷಗಟ್ಟಲೆ ಕಲಿತದ್ದರಲ್ಲಿ ಅರ್ಧ ಅಲ್ಲಿ ನಿರುಪಯೋಗಿ ಎಂಬ ಭಾವನೆ ಬಹಳ ಇರುಸುಮುರುಸು ಮಾಡುತ್ತದೆ.

ಆದರೂ ಒಪ್ಪಿಕೊಂಡೆ. ಒಪ್ಪದೆ ಇದ್ದರೆ ಆ ತಂದೆಯ ಮಾತಿಗೆ ನನ್ನ ಬಳಿ ಎಂದಿಗೂ ಉತ್ತರ ಇರುತ್ತಿರಲಿಲ್ಲ. ಷರತ್ತುಗಳನ್ನು ಮಾತ್ರ ಕೂತು ಬರೆಸಿದೆ. ಪರದೆಯ ಮೇಲೆ ಆ ಪಟ್ಟಿ ಇರಕೂಡದು, ಬರೀ ಬೋರ್ಡ್ ತೋರಿಸಬೇಕು. ಆಟ ಮರದ ಕಾಯಿಗಳಲ್ಲಿ ನಡೆಯಬೇಕು. ಕಂಪ್ಯೂಟರಿನ ಪರವಾಗಿ ಒಬ್ಬ ವಿದ್ಯಾರ್ಥಿ ಎದುರು ಕೂತು, ಅದು ಹೇಳಿದ ನಡೆಯನ್ನು ಬೋರ್ಡಿನ ಮೇಲೆ ಇಡಬೇಕು. ಪಂದ್ಯಗಳಲ್ಲಿ ಕೊಡುವಷ್ಟು ಪೂರ್ತಿ ಸಮಯ ನಮಗೆ ಬೇಕು. ಕಡೆಯದು ಎಲ್ಲಕ್ಕಿಂತ ದೊಡ್ಡದು: ಕಂಪ್ಯೂಟರ್ ಬಿಳಿ ಕಾಯಿಗಳಲ್ಲಿ ಆಡಲಿ, ಆದರೆ ವಜೀರನ, ಅಂದರೆ ಮಂತ್ರಿಯ, ಬದಿಯ ಕುದುರೆಯನ್ನು ಮೊದಲೇ ಬೋರ್ಡಿನಿಂದ ತೆಗೆದಿಟ್ಟು ಆಡಬೇಕು.

ಹೀಗೆ ಕಾಯಿ ಬಿಟ್ಟುಕೊಟ್ಟು ಆಡುವುದು ಹಳೆಯ ಪದ್ಧತಿ. ಬಲಶಾಲಿ ಆಟಗಾರ ಕಡಿಮೆ ಬಲದವರ ಜೊತೆ ಕೂತಾಗ ತನ್ನದೊಂದು ಕಾಯಿ ತೆಗೆದಿಟ್ಟರೆ ಆಟ ಸಮವಾಗುತ್ತದೆ. ಪ್ರಾಧ್ಯಾಪಕರಿಗೆ ಈ ಯೋಚನೆ ಹಿಡಿಸಿತು. ನನಗೆ ಮಾತ್ರ ಅದನ್ನು ಬಾಯಿಬಿಟ್ಟು ಹೇಳುವುದು ಸುಲಭವಾಗಿರಲಿಲ್ಲ. ಕುದುರೆ ಕೇಳುವುದೆಂದರೆ ನಾನು ಕಡಿಮೆಯವಳು ಎಂದು ಸಭೆಯ ಮುಂದೆ ಒಪ್ಪಿಕೊಂಡ ಹಾಗೆ.

ತಂಡದ ಎರಡನೆಯ ಹೆಸರು ಸುಲಭವಾಗಿ ಸಿಕ್ಕಿತು. ಕಾಗವಾಡದ ಕಡೆಯ ಆರೋಗ್ಯ ಕೇಂದ್ರವೊಂದರಲ್ಲಿ ಕೆಲಸ ಮಾಡುವ ನರ್ಸ್ ಒಬ್ಬರಿದ್ದಾರೆ. ಚುರುಕಾಗಿ, ಧೈರ್ಯವಾಗಿ ಆಡುತ್ತಾರೆ. ಫೋನ್ ಮಾಡಿದಾಗ ಅವರು ನಕ್ಕರು. "ಅಕ್ಕಾ, ಅದಕ್ಕ ಸೋತ್ರ ಯಾರಿಗೂ ನಾಚಿಕಿ ಇಲ್ಲ ಬಿಡ್ರಿ. ಚಲಾ, ಬರ್ತೀನಿ. ಡ್ಯೂಟಿ ಬದಲಿ ಮಾಡ್ಕೊಂಡು ಬರ್ತೀನಿ."

ಅಭ್ಯಾಸ ಶುರು ಮಾಡಿದೆ. ತರಗತಿ ಇಲ್ಲದ ಮುಂಜಾನೆಗಳಲ್ಲಿ ಲ್ಯಾಪ್‌ಟಾಪನ್ನು ಪಕ್ಕಕ್ಕಿಟ್ಟು, ಮುಂದೆ ಮರದ ಬೋರ್ಡ್ ಹಾಸಿ, ಯಾರು ಮುಂದಿದ್ದಾರೆ ಎಂಬ ಅದರ ಅಂದಾಜು ಕಾಣದಂತೆ ಪರದೆಯ ಒಂದು ಅಂಚಿಗೆ ಕಂದು ಬಣ್ಣದ ಪ್ಯಾಕಿಂಗ್ ಟೇಪ್ ಅಂಟಿಸಿದೆ. ಬಿಳಿಯ ಒಂದು ಕುದುರೆ ತೆಗೆದಿಟ್ಟೆ. ಸೋತೆ. ಮರುದಿನವೂ ಸೋತೆ. ಕುದುರೆ ಹೆಚ್ಚಿದ್ದೂ ಸೋಲುವುದು ಸಮನಾಗಿ ಆಡಿ ಸೋಲುವುದಕ್ಕಿಂತ ಎಷ್ಟೋ ಕೆಟ್ಟದ್ದು. ನೆಪ ಹೇಳಲು ಏನೂ ಉಳಿಯುವುದಿಲ್ಲ.

ಸೋಲುಗಳೆಲ್ಲ ಒಂದೇ ತೆರನಾಗಿದ್ದವು. ಆರಂಭ ಚೆನ್ನಾಗಿರುತ್ತಿತ್ತು. ನನ್ನ ರಾಜ ಮೂಲೆಯಲ್ಲಿ ಭದ್ರವಾಗಿ ಕೂರುತ್ತಿದ್ದ. ಆಮೇಲೆ ಕಂಪ್ಯೂಟರ್ ಬದಿಯ ಪ್ಯಾದೆಯನ್ನು, ಅಂದರೆ ಕಾಲಾಳನ್ನು, ನನ್ನ ರಾಜನ ಕಡೆ ಓಡಿಸುತ್ತಿತ್ತು. ಒಂದು ಬೆದರಿಕೆ, ನಾನು ತಡೆಯುತ್ತಿದ್ದೆ. ಇನ್ನೊಂದು, ಅದನ್ನೂ ತಡೆಯುತ್ತಿದ್ದೆ. ತಡೆಯುತ್ತ ತಡೆಯುತ್ತ ನನ್ನ ಕಾಯಿಗಳೆಲ್ಲ ಹಿಂದಿನ ಎರಡು ಸಾಲಿನಲ್ಲಿ ಮುದುಡಿಕೊಳ್ಳುತ್ತಿದ್ದವು. ಹೆಚ್ಚಿನ ಕುದುರೆ ಅಲ್ಲೇ ಎಲ್ಲೋ ಇಕ್ಕಟ್ಟಿನಲ್ಲಿ ನಿಂತಿರುತ್ತಿತ್ತು. ಅದರ ಕಣ್ಣೆದುರೇ ರಾಜ ಸಾಯುತ್ತಿದ್ದ.

ಏನು ತಪ್ಪುತ್ತಿದೆ ಎಂದು ಗೊತ್ತಾಗುತ್ತಿರಲಿಲ್ಲ. ಹೀಗೆ ಕಾಯಿ ಬಿಟ್ಟುಕೊಟ್ಟು ಆಡಿದ ಅನುಭವ ಇರುವವರು ನನಗೆ ಗೊತ್ತಿದ್ದಂತೆ ಒಬ್ಬರೇ. ಒಂದು ಭಾನುವಾರ ನಿಪ್ಪಾಣಿಯ ಬಸ್ಸು ಹತ್ತಿದೆ.

ಕಾಕಾ ವಖಾರಿಯಲ್ಲೇ ಇದ್ದರು. ಒಳಗೆ ತಂಬಾಕಿನ ಘಾಟು. ಮೊದಲ ಸಲ ಬಂದವರು ಸೀನಿ ಸೀನಿ ಸುಸ್ತಾಗುತ್ತಾರೆ, ನನಗೆ ರೂಢಿಯಾಗಿತ್ತು. ಗಾದಿಯ ಮೇಲೆ ಗೋಡೆಗೆ ಒರಗಿ ಕೂತಿದ್ದ ಅವರು ನನ್ನ ಕೈಯಲ್ಲಿದ್ದ ಬೋರ್ಡಿನ ಚೀಲ ನೋಡಿ ಮುಖ ತಿರುಗಿಸಿದರು.

"ಆಡಾಕ ಬಂದಿದ್ರ ಹೊಳ್ಳಿ ಹೋಗು ತಂಗಿ."

"ಆಡಾಕಲ್ರಿ ಕಾಕಾ, ಕೇಳಾಕ ಬಂದೀನಿ."

ಎಲ್ಲ ಹೇಳಿದೆ. ಕಾಲೇಜು, ಷರತ್ತು, ಕುದುರೆ, ನನ್ನ ಸಾಲು ಸಾಲು ಸೋಲು. ಮೊದಲು ಅವರು ಕೇಳಿಸಿಕೊಳ್ಳದವರಂತೆ ಕೂತಿದ್ದರು. ಕುದುರೆ ಹೆಚ್ಚಿದ್ದೂ ಸೋಲುತ್ತಿದ್ದೇನೆ ಅಂದಾಗ ಮಾತ್ರ ಅವರ ಕಣ್ಣು ನನ್ನ ಕಡೆ ಬಂತು.

"ಹಾಸು," ಅಂದರು.

ಗಾದಿಯ ಮೇಲೆ ಬೋರ್ಡ್ ಹಾಸಿದೆ. ಕಾಕಾ ಬಿಳಿ ತೆಗೆದುಕೊಂಡು, ವಜೀರನ ಬದಿಯ ಕುದುರೆಯನ್ನು ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡರು. ನಾವು ಆಡಿದೆವು. ಅವರು ನನ್ನನ್ನು ಸೋಲಿಸಿದರು. ಆ ವಯಸ್ಸಿನಲ್ಲಿ, ವರ್ಷದಿಂದ ಕಾಯಿ ಮುಟ್ಟದ ಕೈಯಲ್ಲಿ, ಒಂದು ಕುದುರೆ ಕಡಿಮೆ ಇಟ್ಟುಕೊಂಡು. ನಾನು ತಲೆ ತಗ್ಗಿಸಿ ಕೂತೆ. ಅವರು ಮಾತ್ರ ಖುಷಿಯಾಗಿದ್ದರು.

"ನಾ ಎಷ್ಟ್ ಮಂದಿಗೆ ಕುದರಿ ಬಿಟ್ಟಕೊಟ್ಟ ಆಡೀನಿ ಗೊತ್ತೇನ? ಲಾರಿ ಡ್ರೈವರ್ರು, ಹಮಾಲ್ರು, ಬ್ಯಾಂಕಿನ ಸಾಹೇಬ್ರು. ಮಂದಿ ಬ್ಯಾರೆ ಬ್ಯಾರೆ, ಸೋಲೂದು ಮಾತ್ರ ಒಂದ ನಮೂನಿ. ತಮ್ಮ ಹಂತ್ಯಾಕ ಒಂದ ಕಾಯಿ ಹೆಚ್ಚ ಐತಿ ಅಂತ ತಲ್ಯಾಗ ಹೊಕ್ಕ ಕೂಡ್ಲೆ ಅದನ್ನ ಕಾಯಾಕ ಕುಂದರ್ತಾರ. ಅದಕ್ಕೇನೂ ಆಗಬಾರ್ದು, ಅಷ್ಟ. ಅವ್ರು ಕುದರಿ ಕಾಯೂದ್ರಾಗ ಇರ್ತಾರ, ನಾ ರಾಜನ ಕಡೆ ಹೋಗ್ತೀನಿ. ನೀನೂ ಅದನ್ನ ಮಾಡಾಕತ್ತಿ."

"ಮತ್ತೇನ್ ಮಾಡಬೇಕ್ರಿ?"

"ಹೊಳ್ಳಿ ಕೊಟ್ಟಬಿಡು."

"ಕುದರಿನ?"

"ಹೂಂ. ಪುಕ್ಕಟ ಅಲ್ಲ. ಎರಡ ಪ್ಯಾದಿ ತಗೊಂಡ ಕೊಡು, ಇಲ್ಲಾ ವಜೀರ ಇಳಿಸಿ ಕೊಡು. ಒಟ್ಟ ಅದರ ದಾಳಿ ಮುರದ ಹೋಗಬೇಕು. ಅದು ಬದಿಯಿಂದ ಬಂದ್ರ ನೀ ನಡಬರಕ ಒಡಿ. ಆದ್ರ ತಡ ಮಾಡಬ್ಯಾಡ. ಬದಿ ಪ್ಯಾದಿ ನಿನ್ನ ಅರ್ಧಕ್ಕ ದಾಟಿ ಬಂತಂದ್ರ ಆಮ್ಯಾಲೆ ಕೊಟ್ರೂ ಯಾರೂ ತಗೊಳ್ಳಂಗಿಲ್ಲ."

ಇಷ್ಟೂ ದಿನ ನಾನು ಕಂಪ್ಯೂಟರ್ ಬಲಶಾಲಿ ಎಂಬ ಒಂದೇ ವಿಷಯವನ್ನು ನೋಡುತ್ತಿದ್ದೆ. ಒಂದು ಕಾಯಿ ಕಡಿಮೆ ಇರುವ ಬಲಶಾಲಿ ಹೇಗೆ ಗೆಲ್ಲುತ್ತಾನೆ ಎಂಬುದು ಕಾಕಾನಿಗೆ ಒಳಗಿನಿಂದ ಗೊತ್ತಿತ್ತು, ಏಕೆಂದರೆ ಅವರು ಜೀವಮಾನವಿಡೀ ಆ ಬದಿಯಲ್ಲೇ ಕೂತವರು.

ಮುಂದಿನ ಭಾನುವಾರಗಳೂ ವಖಾರಿಯಲ್ಲೇ ಕಳೆದವು. ಕಾಕಾ ನನ್ನ ಸೋತ ಆಟಗಳನ್ನು ಒಂದೊಂದಾಗಿ ಇಡಿಸಿ, ಕುದುರೆಯನ್ನು ಎಲ್ಲಿ ಮರಳಿ ಕೊಡಬಹುದಿತ್ತು ಎಂದು ಹುಡುಕಿಸಿದರು. ಕೆಲವು ಕಡೆ ಅವರು ತೋರಿಸಿದ್ದು ಸರಿಯಿರಲಿಲ್ಲ, ಲ್ಯಾಪ್‌ಟಾಪ್ ಒಂದೇ ನಡೆಯಲ್ಲಿ ಅದನ್ನು ಮುರಿಯುತ್ತಿತ್ತು. ಆಗ ಅವರು ಸಿಟ್ಟಾಗುವ ಬದಲು ಬಗ್ಗಿ ಪರದೆ ನೋಡುತ್ತಿದ್ದರು. "ಏನಂತೈತಿ ಅದು? ಯಾಕಂತ?" ಎಂದು ಕೇಳುತ್ತಿದ್ದರು. ಯಾಕೆ ಎಂದು ಅದು ಹೇಳುವುದಿಲ್ಲ. ಅದನ್ನು ನಾವೇ ಹುಡುಕಬೇಕಾಗುತ್ತಿತ್ತು. ನಮ್ಮ ಬಹಳಷ್ಟು ಹೊತ್ತು ಹೋಗುತ್ತಿದ್ದದ್ದು ಅದರಲ್ಲೇ. ಮನೆಯ ಅಭ್ಯಾಸದಲ್ಲಿ ನಾನು ಮೊದಲ ಸಲ ಆಟವನ್ನು ಸಮ ಮಾಡಿಕೊಂಡೆ. ಆಮೇಲೆ ಒಮ್ಮೆ ಗೆದ್ದೆ. ಕುರ್ಚಿಯಿಂದ ಎದ್ದು ಕೋಣೆಯಲ್ಲಿ ಒಬ್ಬಳೇ ಸುತ್ತು ಹಾಕಿದೆ.

ಮೂರನೆಯ ಬೋರ್ಡ್ ಇನ್ನೂ ಖಾಲಿ ಇತ್ತು. ಕಾಕಾನನ್ನು ಕೇಳಲು ಎಷ್ಟೋ ಸಲ ಬಾಯಿ ತೆರೆದು ಮುಚ್ಚಿದ್ದೆ. ಒಂದು ದಿನ ಅವರೇ ಕೇಳಿದರು.

"ಮೂರನೇದಾಂವ ಯಾರು?"

"ಇನ್ನೂ ಯಾರೂ ಇಲ್ರಿ."

"ನಾ ಬರ್ತೀನಿ. ಆದ್ರ ಕುದರಿ ಬ್ಯಾಡ ನನಗ."

"ಕಾಕಾ, ಸಮ ಆಡಿದ್ರ..."

"ಸೋಲ್ತೀನಿ. ಗೊತ್ತೈತಿ ನನಗ."

ಪ್ರಾಧ್ಯಾಪಕರಿಗೆ ಫೋನಿನಲ್ಲಿ ಹೇಳಿದಾಗ ಅವರು ಗಾಬರಿಯಾದರು. "ಬ್ಯಾಡ್ರಿ ಮೇಡಮ್, ಬ್ಯಾಡ. ಮತ್ತ ಹಂಗ ಆದ್ರ ನಾ ಊರಾಗ ಮುಖ ತೋರಸೂದು ಹೆಂಗ್ರಿ? ಮೂವರಿಗೂ ಕುದರಿ ಅಂತ ಮಾತಾಗೇತಿ." ನನ್ನದೂ ಅದೇ ಭಯ. ಕ್ಯಾಪ್ಟನ್ ಎಂಬ ನೆಲೆಯಲ್ಲಿ ಇಲ್ಲ ಎನ್ನುವ ಅಧಿಕಾರ ನನಗಿತ್ತು. ಹಾಗೆಂದೇ ಹೇಳಲು ವಖಾರಿಗೆ ಹೋದೆ. ತಾನು ಸೋಲಿಸಿದ್ದು ಯಾರನ್ನು ಎಂಬುದೂ ತಿಳಿಯದ ಒಂದು ಯಂತ್ರದ ಎದುರು ಹಟ ಸಾಧಿಸಿ ಏನು ಬಂತು ಎಂದು ಕೇಳುವವಳಿದ್ದೆ. ಅಷ್ಟರಲ್ಲಿ ಕಾಕಾ ಮೆತ್ತಗೆ ಮಾತಾಡಿದರು.

"ಹೋದ ವರ್ಷ ಸೋತದ್ದಕ್ಕ ನನಗ ಹೊಟ್ಟಿ ಉರದಿಲ್ಲ ತಂಗಿ. ಸೋಲು ಅಂದ್ರೇನು ಅಂತ ಗೊತ್ತಿಲ್ಲದಾಂವೇನ ನಾ? ಅದು ಏನ್ ಆಡ್ತು ಅಂತ ನನಗ ನೋಡಾಕ ಬಿಡಲಿಲ್ಲ, ಅದಕ್ಕ. ಗಡಿಯಾರ ಓಡಾಕತ್ತಿತ್ತು, ಹುಡುಗ್ರು ಒದರಾಕತ್ತಿದ್ರು, ಮುಗೀತು. ಇಷ್ಟ ವರ್ಷ ಆಡೀನಿ. ನನಕಿಂತ ಅಷ್ಟ ಮ್ಯಾಲಿನ ಆಟ ಎದುರಿಗೆ ಕುಂತಾಗ ನೋಡಬೇಕಲ್ಲ? ಕುದರಿ ತಗದ್ರ ಅದು ತನ್ನ ಆಟ ಪೂರಾ ಆಡೂದಿಲ್ಲ. ನನಗ ಕುದರಿ ಬ್ಯಾಡ. ಟೈಮ್ ಕೊಡಸು."

ಬಸ್ಸಿನಲ್ಲಿ ತಯಾರು ಮಾಡಿಕೊಂಡು ಹೋಗಿದ್ದ ಮಾತೆಲ್ಲ ಹಾಗೇ ಉಳಿಯಿತು. ನಾನು ಇಷ್ಟು ದಿನ ಕಾಕಾನ ಮರ್ಯಾದೆ ಉಳಿಸುವ ಯೋಚನೆಯಲ್ಲಿದ್ದೆ. ಅವರಿಗೆ ಬೇಕಾಗಿದ್ದದ್ದು ಅದಲ್ಲ. ಅಲ್ಲೇ ಹೊರಗೆ ನಿಂತು ಪ್ರಾಧ್ಯಾಪಕರಿಗೆ ಮತ್ತೆ ಫೋನ್ ಮಾಡಿ, ನಿರ್ಧಾರ ನನ್ನದು, ಹೆಸರು ಕೆಟ್ಟರೂ ನನ್ನದೇ ಕೆಡಲಿ ಅಂದೆ. ಇಬ್ಬರಿಗೆ ಕುದುರೆ, ಕಾಕಾನಿಗೆ ನಮ್ಮ ಎರಡರಷ್ಟು ಸಮಯ. "ಹೂಂ ಅನ್ರಿ," ಅಂದೆ. "ಹೂಂ," ಅಂದರು.

ಆಟದ ದಿನ ಸಭಾಂಗಣ ನಾನೆಣಿಸಿದ್ದಕ್ಕಿಂತ ತುಂಬಿತ್ತು. ಕಾಲೇಜಿನ ಹುಡುಗರು, ಊರಿನವರು, ನನ್ನ ತರಗತಿಯ ಮಕ್ಕಳು, ಅವರ ಮನೆಯವರು. ವೇದಿಕೆಯ ಮೇಲೆ ಮೂರು ಮೇಜು, ಮೂರು ಬೋರ್ಡ್, ಮೂರು ಲ್ಯಾಪ್‌ಟಾಪ್, ಅವುಗಳ ಹಿಂದೆ ಮೂವರು ವಿದ್ಯಾರ್ಥಿಗಳು. ನನ್ನ ಮತ್ತು ನರ್ಸ್ ಅವರ ಬೋರ್ಡಿನಲ್ಲಿ ಬಿಳಿಯ ಮೊದಲ ಸಾಲು ಹಲ್ಲುದುರಿದ ಬಾಯಿಯಂತೆ ಕಾಣುತ್ತಿತ್ತು. ಕಾಕಾನ ಬೋರ್ಡ್ ತುಂಬಿತ್ತು. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು.

ಕೆಲವು ನಡೆಗಳಾಗಿದ್ದವು ಅಷ್ಟೆ. ಸಭೆಯಲ್ಲಿ ಗುಜುಗುಜು ಎದ್ದಿತು, ಯಾರೋ ನಕ್ಕರು. ತಿರುಗಿ ನೋಡಿದರೆ ಪರದೆಯ ಮೇಲೆ ಮೂರು ಬೋರ್ಡುಗಳ ಪಕ್ಕದಲ್ಲಿ ಮೂರು ಪಟ್ಟಿಗಳು. ಪರದೆ ನೋಡಿಕೊಳ್ಳುತ್ತಿದ್ದ ವಿದ್ಯಾರ್ಥಿ ರೂಢಿಯ ಮೇಲೆ ಹಾಕಿಬಿಟ್ಟಿದ್ದ. ಕಾಕಾನ ಭುಜ ಬಿಗಿಯಾಗಿದ್ದು ನನಗೆ ಕಾಣಿಸಿತು.

ಗಡಿಯಾರ ನಿಲ್ಲಿಸಿದೆ. ಎದ್ದು ಉಳಿದ ಎರಡು ಮೇಜಿನ ಗಡಿಯಾರಗಳನ್ನೂ ನಿಲ್ಲಿಸಿ, ವೇದಿಕೆಯ ಅಂಚಿಗೆ ಹೋದೆ. ಕೈಯಲ್ಲಿ ಮೈಕ್ ಇರಲಿಲ್ಲ, ಬೇಕಾಗಲೂ ಇಲ್ಲ.

"ಆ ಪಟ್ಟಿ ತಗಿಯೂ ತನಕ ಆಟ ಮುಂದ ಹೋಗಂಗಿಲ್ಲ," ಅಂದೆ. "ಯಾರು ಗೆಲ್ಲಾಕತ್ತಾರ ಅಂತ ಕಂಪ್ಯೂಟರ್ ಹೇಳಿಬಿಟ್ರ ನೀವು ಬೋರ್ಡ್ ಯಾಕ ನೋಡ್ತೀರಿ? ಬೋರ್ಡ್ ನೋಡ್ರಿ. ನಿಮಗೇನ ಅನಸ್ತೈತಿ ಅದನ್ನ ಮಗ್ಗಲದವ್ರಿಗೆ ಹೇಳ್ರಿ. ನಮಗೂ ಗೊತ್ತಿಲ್ಲ, ನಿಮಗೂ ಗೊತ್ತಿರಬಾರ್ದು."

ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದರು. ಪ್ರಾಧ್ಯಾಪಕರು ಓಡಿಹೋಗಿ ತಾವೇ ಪಟ್ಟಿ ತೆಗೆಸಿದರು. ಗಡಿಯಾರಗಳು ಮತ್ತೆ ಓಡಿದವು. ಆಮೇಲೆ ಸಭೆಯಿಂದ ಕೇಳಿಬಂದದ್ದು ಬೇರೆ ಥರದ ಸದ್ದು. ಜನ ಪಿಸುದನಿಯಲ್ಲಿ ತಮ್ಮ ತಮ್ಮಲ್ಲೇ ವಾದ ಮಾಡುತ್ತಿದ್ದರು.

ನನ್ನ ಆಟ ಅಭ್ಯಾಸದ ಆಟಗಳ ದಾರಿಯಲ್ಲೇ ಸಾಗಿತು. ರಾಜ ಮೂಲೆ ಸೇರಿದ. ಅದು ನಡುವಿನಲ್ಲಿ ಒಂದು ಪ್ಯಾದೆಯನ್ನು ನನ್ನ ಪಾಳೆಯದೊಳಕ್ಕೆ ನೂಕಿ ಕೂರಿಸಿ, ಬದಿಯ ಪ್ಯಾದೆಯನ್ನು ಹೊರಡಿಸಿತು. ಉಳಿದ ಒಂದೇ ಕುದುರೆಯನ್ನೂ ನನ್ನ ರಾಜನ ಕಡೆ ಜಿಗಿಸಿತು. ನನ್ನ ಕೈ ತಾನಾಗಿ ರಾಜನ ಮುಂದಿನ ಪ್ಯಾದೆಯ ಕಡೆ ಹೋಯಿತು, ತಡೆಯಲು. ಮುಟ್ಟಿದ್ದರೆ ಅದನ್ನೇ ನಡೆಸಬೇಕಾಗುತ್ತಿತ್ತು. ಕೈಯನ್ನು ಹಿಂದಕ್ಕೆ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ.

ಅದರ ಕುದುರೆ ಜಿಗಿದ ಮೇಲೆ ನಡುವಿನ ಆ ಪ್ಯಾದೆಗೆ ಉಳಿದಿದ್ದದ್ದು ಒಂದೇ ಕಾವಲು, ಇನ್ನೊಂದು ಪ್ಯಾದೆ. ಅದರ ರಾಜ ಇನ್ನೂ ಹೊರಟ ಮನೆಯಲ್ಲೇ ಇದ್ದ. ಬಹಳ ಹೊತ್ತು ಕೂತೆ. ಎದುರಿನ ವಿದ್ಯಾರ್ಥಿ ನೀರು ಕುಡಿದ. ಕುದುರೆಯಿಂದ ನಡುವಿನ ಪ್ಯಾದೆಯನ್ನು ಹೊಡೆದೆ. ಕಾವಲಿನ ಪ್ಯಾದೆ ನನ್ನ ಕುದುರೆಯನ್ನು ಹೊಡೆಯಿತು. ನನ್ನ ವಜೀರ ಆ ಪ್ಯಾದೆಯನ್ನೂ ಹೊಡೆದು, ಬೋರ್ಡಿನ ನಡುವೆ ನಿಂತು ರಾಜನಿಗೆ ಚೆಕ್ ಕೊಟ್ಟ. ಒಂಟೆಯನ್ನು ಅಡ್ಡ ತಂದರೆ ಅದು ಇನ್ನೊಂದು ಪ್ಯಾದೆ ಕಳೆದುಕೊಳ್ಳುತ್ತಿತ್ತು. ಹಾಗಾಗಿ ವಜೀರನನ್ನೇ ಅಡ್ಡ ತಂದಿತು. ವಜೀರರಿಬ್ಬರೂ ಬೋರ್ಡಿನಿಂದ ಇಳಿದರು.

ಅದಕ್ಕೆ ಇದು ಕಂಡಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಇದ್ದ ದಾರಿಗಳಲ್ಲಿ ಇದೇ ಕಡಿಮೆ ಕೆಟ್ಟದ್ದು ಎಂದು ಆರಿಸಿಕೊಂಡಿರಬೇಕು. ಕುದುರೆ ಹೋಯಿತು, ಅದರ ಜೊತೆ ರಾಜನ ಮೇಲಿದ್ದ ದಾಳಿಯೂ ಹೋಯಿತು. ನನಗೆ ಉಳಿದದ್ದು ಎರಡು ಪ್ಯಾದೆ ಹೆಚ್ಚಿರುವ ಕೊನೆಯಾಟ, ಅಂದರೆ ನಾನು ದಿನಾ ಮಕ್ಕಳಿಗೆ ಕಲಿಸುವ ವಿಷಯ.

ಆದರೆ ಅದು ಸುಲಭವಾಗಿ ಬಿಡುವ ಎದುರಾಳಿಯಲ್ಲ. ಪ್ರತಿ ಪ್ಯಾದೆಗೂ ಕಾದಾಡಿತು. ಒಮ್ಮೆ ಅದು ಬೇಕೆಂದೇ ತನ್ನ ಆನೆಯನ್ನು ನನ್ನ ರಾಜನ ಪಕ್ಕಕ್ಕೆ ತಂದಿಟ್ಟಿತು. ಹೊಡೆದಿದ್ದರೆ ಅದರ ರಾಜನಿಗೆ ಚಲಿಸಲು ಮನೆಯೇ ಉಳಿಯದೆ ಆಟ ಸಮವಾಗಿ ಮುಗಿಯುತ್ತಿತ್ತು. ಹೊಡೆಯದೆ ಪಕ್ಕಕ್ಕೆ ಸರಿದೆ. ಆ ಸಂಚು ಕಣ್ಣಿಗೆ ಬಿದ್ದಾಗ ನನಗೆ ಅನ್ನಿಸಿದ್ದನ್ನು ಹೇಗೆ ಹೇಳಲಿ? ಅಷ್ಟು ದಿನಗಳ ಅಳುಕು ಹೋಗಿ ಆಟದ ಹಸಿವೊಂದೇ ಉಳಿದಿತ್ತು. ಎದುರಿಗೆ ಇರುವುದು ಯಾರು ಎಂಬುದು ಮರೆತೇ ಹೋಗಿತ್ತು. ನನ್ನ ಪ್ಯಾದೆ ಕೊನೆಯ ಮನೆಗೆ ಒಂದೇ ಹೆಜ್ಜೆ ಇದ್ದಾಗ ಪ್ರಾಧ್ಯಾಪಕರು ಬಂದು ಲ್ಯಾಪ್‌ಟಾಪ್ ನೋಡಿ, ಸೋಲೊಪ್ಪಿದ ಗುರುತಾಗಿ ಬಿಳಿ ರಾಜನನ್ನು ಬೋರ್ಡಿನ ಮೇಲೆ ಮಲಗಿಸಿದರು. ಸಭೆಯಲ್ಲಿ ಚಪ್ಪಾಳೆ ಎದ್ದಿತು. ನಾನು ಕಾಕಾನ ಮೇಜಿನ ಕಡೆ ತೋರಿಸಿ ಸುಮ್ಮನಿರಲು ಸನ್ನೆ ಮಾಡಬೇಕಾಯಿತು.

ಪಕ್ಕದ ಮೇಜಿನ ನರ್ಸ್ ಅಷ್ಟರಲ್ಲಿ ಎದ್ದಿದ್ದರು. ಅವರ ರಾಜನಿಗೆ ಕಂಪ್ಯೂಟರ್ ಬಿಡದೆ ಚೆಕ್ ಕೊಡುತ್ತ ಹೋಗಿ ಆಟ ಸಮವಾಗಿತ್ತು. "ಅರೇ ದೇವಾ, ಗೆದ್ದದ್ದನ್ನ ಬಿಟ್ಟ ಕೊಟ್ನಿ ಅಕ್ಕಾ," ಎಂದು ಹಣೆ ಬಡಿದುಕೊಂಡರು. "ಒಂದ ಪ್ಯಾದಿ ಮುಂದ ಇಟ್ಟಿದ್ರ ಸಾಕಿತ್ತು." ನಗುತ್ತಲೂ ಇದ್ದರು. ಬೇಸರಪಟ್ಟು ನಗುವುದು ಆಟಗಾರರಿಗೆ ಮಾತ್ರ ಬರುತ್ತದೆ. ಇಬ್ಬರೂ ಹೋಗಿ ಕಾಕಾನ ಬೋರ್ಡಿನ ಬಳಿ ನಿಂತೆವು.

ಕಾಕಾ ಸೋಲುತ್ತಿದ್ದರು. ಒಂದು ಪ್ಯಾದೆ ಕಡಿಮೆ ಇತ್ತು. ಇಬ್ಬರ ಬಳಿಯೂ ಒಂದೊಂದು ಆನೆ, ಕೆಲವು ಪ್ಯಾದೆಗಳು. ಆದರೆ ಇದು ಹೋದ ವರ್ಷದ ಕುಸಿತವಾಗಿರಲಿಲ್ಲ. ಇಷ್ಟು ದೂರ ಅವರು ಬಂದಿದ್ದೇ ನನಗೆ ಆಶ್ಚರ್ಯ. ಪ್ರತಿ ನಡೆಗೂ ತಮ್ಮ ಸಮಯವನ್ನು ಧಾರಾಳವಾಗಿ ಬಳಸುತ್ತಿದ್ದರು. ಕಂಪ್ಯೂಟರ್ ಒಂದು ನಡೆ ಇಟ್ಟರೆ ಗಲ್ಲಕ್ಕೆ ಕೈ ಕೊಟ್ಟು ಅದನ್ನೇ ನೋಡುತ್ತ ಕೂರುತ್ತಿದ್ದರು. ಕಿಟಕಿಯ ಹೊರಗೆ ಬಿಸಿಲು ಹಳದಿಗೆ ತಿರುಗಿತ್ತು. ಜೈನರಾದ ಕಾಕಾ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಅವರ ಮಗ ಊಟದ ಡಬ್ಬಿ ಹಿಡಿದುಕೊಂಡು ವೇದಿಕೆಯ ಮೆಟ್ಟಿಲ ಬಳಿ ಬಂದು ನಿಂತರು. "ಅಪ್ಪಾ, ಹೊತ್ತ ಆಗಾಕತ್ತೈತಿ," ಎಂದು ಮೆಲ್ಲಗೆ ಅಂದರು. ಕಾಕಾ ಬೋರ್ಡಿನಿಂದ ಕಣ್ಣು ತೆಗೆಯದೆ ಕೈ ಅಲ್ಲಾಡಿಸಿ ಬೇಡ ಅಂದರು.

ಆಗ ಕಂಪ್ಯೂಟರ್ ತನ್ನ ಆನೆಯನ್ನು ಒಂದು ಮನೆ ಹಿಂದಕ್ಕೆ ಸರಿಸಿತು. ಅಷ್ಟೆ. ಹೊಡೆತವಿಲ್ಲ, ಬೆದರಿಕೆಯಿಲ್ಲ. ಸಭೆಯಲ್ಲಿ ಯಾರಿಗೂ ಏನೂ ತೋಚಲಿಲ್ಲ. ನನಗೂ ಮೊದಲು ತೋಚಲಿಲ್ಲ. ಕಾಕಾ ಅದನ್ನು ನೋಡಿದರು, ನೋಡುತ್ತಲೇ ಇದ್ದರು, ನಿಧಾನವಾಗಿ ಅವರ ಮುಖದಲ್ಲಿ ಒಂದು ನಗು ಹರಡಿತು. ಸೋತವರ ಮುಖದಲ್ಲಿ ನಾನು ಅಂಥ ನಗು ಎಂದೂ ಕಂಡಿಲ್ಲ.

ಅಲ್ಲಿಗೇ ಬಿಡಬಹುದಿತ್ತು. ಬಿಡಲಿಲ್ಲ. ರಾಜ ಸಿಕ್ಕಿಬೀಳುವ ತನಕ ಕಡೆಯ ನಡೆಗಳನ್ನೆಲ್ಲ ಆಡಿದರು. ಮುಗಿದ ಮೇಲೆ ಪ್ರಾಧ್ಯಾಪಕರು ಶಾಲು ಹಿಡಿದು ಮುಂದೆ ಬಂದರೆ, ಕಾಕಾ ಅವರನ್ನು ದಾಟಿ ಎದುರಿನ ವಿದ್ಯಾರ್ಥಿಗೆ ಹೇಳಿದರು.

"ಏ ತಮ್ಮಾ, ಆನಿ ಹಿಂದ ಸರದಿತ್ತಲ್ಲ, ಅಲ್ಲಿಗೆ ಹೊಳ್ಳಿ ಹಚ್ಚು."

ಆ ಹುಡುಗ ಕಾಯಿಗಳನ್ನು ಮತ್ತೆ ಜೋಡಿಸಿದ. ಪರದೆಯ ಮೇಲೂ ಅದೇ ಬೋರ್ಡ್ ಬಂತು. ಕಾಕಾ ಎದ್ದು ನಿಂತು ಸಭೆಯ ಕಡೆ ತಿರುಗಿದರು. ನಾನು ಮೈಕ್ ತಂದು ಅವರ ಕೈಗೆ ಕೊಟ್ಟೆ.

"ಇದನ್ನ ನೋಡಿದ್ರಿಲ್ಲ?" ಅಂದರು. "ಇದು ಏನೂ ಮಾಡ್ಲಿಲ್ಲ. ಸುಮ್ಕ ಒಂದ ಮನಿ ಹಿಂದ ಹೋಗಿ ನಿಂತ್ತು. ಈಗ ಪಾಳಿ ನಂದು. ನಾ ಆಡಲೇಬೇಕು, ಬಿಡಂಗಿಲ್ಲ. ಆನಿ ಸರಿಸಿದ್ರ ಈ ಪ್ಯಾದಿ ಹೋಗ್ತೈತಿ. ರಾಜನ್ನ ಸರಿಸಿದ್ರ ಅಲ್ಲಿ ಹಾದಿ ಬಿಟ್ಟಂಗ ಆಗ್ತೈತಿ. ಪ್ಯಾದಿ ಮುಂದಿಟ್ರ ಅದ ಸಾಯ್ತೈತಿ. ಅದು ಸುಮ್ಕ ಇದ್ದಿದ್ದಕ್ಕ ನನ್ನ ಎಲ್ಲಾ ಕೆಡ್ತು. ಇಷ್ಟ ವರ್ಷದಾಗ ಇಂಥಾದ್ದು ನಾ ಯಾರಿಗೂ ಮಾಡಿಲ್ಲ, ನನಗೂ ಯಾರೂ ಮಾಡಿದ್ದಿಲ್ಲ."

ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ನಿಂತ. "ಅಜ್ಜಾರ, ರಾಜ ಆ ಕಡೆ ಹೋದ್ರ ಹೆಂಗ್ರಿ?"

"ಬಾ, ಮ್ಯಾಲೆ ಬಂದು ನೀನ ಇಟ್ಟ ತೋರ್ಸು."

ಆ ಹುಡುಗ ಬಂದ. ಅವನ ಹಿಂದೆ ಇನ್ನಿಬ್ಬರು. ನರ್ಸ್ ಕೊನೆಯ ಬಸ್ಸಿನ ವಿಷಯ ಮರೆತು ತಾವೂ ಒಂದು ಕಾಯಿ ಹಿಡಿದು ನಿಂತರು. ಬಾಗಿಲ ಹತ್ತಿರ ಕೆಲವರು ಹೊರಡಲು ಎದ್ದಿದ್ದರು. ಕಾಕಾ ಮೈಕಿನಲ್ಲಿ ಅವರ ಕಡೆ ಕೈ ಮಾಡಿ ಕೂಗಿದರು:

"ಎಲ್ಲಿ ಹೊಂಟೀರಿ? ಕುಂದರ್ರಿ, ಕುಂದರ್ರಿ. ಚಲೋ ಇರೂದು ಈಗ ಬರ್ತೈತಿ."